ನಕ್ಷೆಯ ಗೆರೆಗೆ ಅಗಲವಿಲ್ಲ

ಉತ್ತರ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕೌಂಟಿಯಲ್ಲಿ ಲೆಗೆಟ್ ಎಂಬ ಪುಟ್ಟ ಊರಿದೆ. ಪೆಸಿಫಿಕ್ ಕಡಲಂಚಿನಲ್ಲಿ ದಕ್ಷಿಣದಿಂದ ಬರುವ ಹೆದ್ದಾರಿ 1 ಇಲ್ಲಿಗೆ ಬಂದು ಮುಗಿಯುತ್ತದೆ. ಒಳನಾಡಿನ ಕಣಿವೆಗಳಲ್ಲಿ ಬರುವ ಹೆದ್ದಾರಿ 101 ಮಾತ್ರ ಉತ್ತರಕ್ಕೆ ಮುಂದುವರಿಯುತ್ತದೆ. ಉತ್ತರದಿಂದ ಬಂದವರು ಕಡಲ ದಂಡೆಯ ಫೋರ್ಟ್ ಬ್ರ್ಯಾಗ್ ಊರಿಗೆ ಹೋಗಬೇಕಿದ್ದರೆ ಇಲ್ಲಿ ಎರಡು ದಾರಿ. ಲೆಗೆಟ್‌ನಲ್ಲೇ ಬಲಕ್ಕೆ ತಿರುಗಿ ಹೆದ್ದಾರಿ 1 ಹಿಡಿದರೆ ಸುಮಾರು 70 ಕಿಲೋಮೀಟರ್. ತಿರುಗದೆ ವಿಲಿಟ್ಸ್ ತನಕ 101ರಲ್ಲೇ ಸಾಗಿ, ಅಲ್ಲಿಂದ ಹೆದ್ದಾರಿ 20ರಲ್ಲಿ ಪಶ್ಚಿಮಕ್ಕೆ ಹೊರಳಿದರೆ ಸುಮಾರು 125. ಕಾರಿನವರು ಮೊದಲನೆಯದನ್ನು ಹಿಡಿಯುತ್ತಾರೆ, ಹಿಡಿಯಬೇಕಾದ್ದೇ; ಅದು ಚೆಂದದ ದಾರಿ. ಆದರೆ 12 ಮೀಟರ್ ಉದ್ದದ ಮೋಟರ್‌ಹೋಮ್ ಓಡಿಸುವವರಿಗೆ 55 ಕಿಲೋಮೀಟರ್ ಸುತ್ತು ಹಾಕಿಯಾದರೂ ವಿಲಿಟ್ಸ್ ದಾರಿಯಲ್ಲಿ ಹೋಗಿ ಎಂದೇ ನಾನು ಹೇಳುವುದು. ಅಲ್ಲಿಯೂ ತಿರುವುಗಳಿವೆ, ಇಲ್ಲವೆಂದಲ್ಲ. ಆದರೆ ಲೆಗೆಟ್ ಗುಡ್ಡದಲ್ಲಿ ಇರುವಂಥವಲ್ಲ.

ಮೋಟರ್‌ಹೋಮ್ ಎಂದರೆ ಮಂಚ, ಅಡುಗೆಮನೆ, ಬಚ್ಚಲು, ನೀರಿನ ಟ್ಯಾಂಕು ಎಲ್ಲವನ್ನೂ ಹೊತ್ತು ಸಾಗುವ ಮನೆ. ವ್ಯಾನಿನ ಚಾಸಿಯ ಮೇಲೆ ಕಟ್ಟಿದ ಏಳೆಂಟು ಮೀಟರಿನವು ‘ಸಿ’ ವರ್ಗ. ಸಿಲಿಕಾನ್ ಕಣಿವೆಯ ಕನ್ನಡಿಗರು ಬೇಸಿಗೆ ರಜೆಯಲ್ಲಿ ಊರಿನಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋಗಲು ಬಾಡಿಗೆಗೆ ಹಿಡಿಯುವುದು ಸಾಮಾನ್ಯವಾಗಿ ಇವನ್ನೇ. ‘ಎ’ ವರ್ಗದ್ದು ಬಸ್ಸಿನ ಗಾತ್ರ: 10ರಿಂದ 13 ಮೀಟರ್ ಉದ್ದ, 2.6 ಮೀಟರ್ ಅಗಲ, ನಾಲ್ಕು ಮೀಟರಿಗೆ ಹತ್ತಿರದ ಎತ್ತರ, ಹತ್ತಿಪ್ಪತ್ತು ಟನ್ ತೂಕ. ಹಲವರು ಇದರ ಹಿಂದೆ ಒಂದು ಕಾರನ್ನೂ ಕಟ್ಟಿಕೊಂಡು ಎಳೆಯುತ್ತಾರೆ. ಫೋನಿನ ನಕ್ಷೆಗೆ ಇದಾವುದೂ ಗೊತ್ತಿರುವುದಿಲ್ಲ. ಅದರ ಲೆಕ್ಕದಲ್ಲಿ ರಸ್ತೆಯೆಂದರೆ ಒಂದು ಗೆರೆ, ವಾಹನವೆಂದರೆ ಒಂದು ಚುಕ್ಕೆ. ಗೆರೆಗೆ ಅಗಲವಿಲ್ಲ, ಚುಕ್ಕೆಗೆ ಉದ್ದವಿಲ್ಲ. ದಾರಿ ಆರಿಸುವ ಕೆಲಸವೆಂದರೆ ಈ ಎರಡು ಅಳತೆಗಳನ್ನು ನಾವೇ ನಕ್ಷೆಯೊಳಕ್ಕೆ ತರುವುದು.

ಮೊದಲು ಬೆಟ್ಟಗಳ ವಿಚಾರ. ನಮ್ಮ ಪಶ್ಚಿಮಘಟ್ಟ ಒಂದೇ ದೊಡ್ಡ ಇಳಿತ. ಆಗುಂಬೆಯ 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರ ಮುಟ್ಟಿದರೆ ಘಾಟಿ ಮುಗಿಯಿತು. ಅಮೆರಿಕದ ಪಶ್ಚಿಮ ಕರಾವಳಿಯ ಬೆಟ್ಟಗಳು ಹಾಗಲ್ಲ. ಸಾಗರತಳದ ಫಲಕವೊಂದು ಕೋಟ್ಯಂತರ ವರ್ಷ ಖಂಡದ ಅಡಿಗೆ ನುಸುಳುತ್ತ ಹೋದಾಗ, ಅದರ ಮೇಲಿದ್ದ ಕೆಸರು, ಮರಳು, ಲಾವಾ ಎಲ್ಲ ಕೆರೆದುಹೋಗಿ ಖಂಡದ ಅಂಚಿಗೆ ಮೆತ್ತಿಕೊಂಡವು. ಹೀಗೆ ಮೆತ್ತಿದ್ದು ಮಡಿಕೆ ಬಿದ್ದು, ಸೀಳಿ, ಮೇಲೆದ್ದು ಕರಾವಳಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಲುಸಾಲು ಬೆಟ್ಟಗಳಾದವು. ಉತ್ತರ–ದಕ್ಷಿಣವಾಗಿ ಹೋಗುವವರಿಗೆ ಸಾಲುಗಳ ನಡುವಿನ ಕಣಿವೆ ಸಿಗುತ್ತದೆ, 101 ಅಂಥ ಕಣಿವೆಗಳನ್ನು ಹುಡುಕಿಕೊಂಡೇ ಸಾಗುತ್ತದೆ. ಪೂರ್ವ–ಪಶ್ಚಿಮವಾಗಿ ಸಮುದ್ರದತ್ತ ಹೋಗುವವರಿಗೆ ಮಾತ್ರ ಒಂದು ಘಾಟಿ ಇಳಿದರೆ ಇನ್ನೊಂದು ಕಾದಿರುತ್ತದೆ. ರೆಡ್ ಬ್ಲಫ್‌ನಿಂದ ಕಡಲ ಕಡೆಗೆ ಹೋಗುವ ಹೆದ್ದಾರಿ 36ರಲ್ಲಿ ಮುಂದಿನ 140 ಮೈಲಿ ತಿರುವುಗಳೇ ಎಂದು ಹಳದಿ ಫಲಕ ನಿಲ್ಲಿಸಿದ್ದಾರೆ. ಬೈಕಿನವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮೋಟರ್‌ಹೋಮಿನವರು ಅದನ್ನು ನೋಡುವ ಮೊದಲೇ ಬೇರೆ ದಾರಿ ಹಿಡಿದಿರಬೇಕು.

ಲೆಗೆಟ್‌ನ ಉತ್ತರಕ್ಕೆ ಹೆದ್ದಾರಿ 1 ಏಕಿಲ್ಲ ಎಂಬುದಕ್ಕೂ ಇದೇ ಭೂವಿಜ್ಞಾನ ಕಾರಣ. ಅಲ್ಲಿಂದ ವಾಯವ್ಯಕ್ಕೆ ಮೂರು ಭೂಫಲಕಗಳು ಸಂಧಿಸುವ ಜಾಗವಿದ್ದು ನೆಲ ಇನ್ನೂ ಏಳುತ್ತಲೇ ಇದೆ. ಅಲ್ಲಿನ ಕಿಂಗ್ ಶಿಖರ 1,246 ಮೀಟರ್ ಎತ್ತರ, ಅದರಿಂದ ಸಮುದ್ರಕ್ಕೆ ಐದೇ ಕಿಲೋಮೀಟರ್. ಇಷ್ಟು ಕಡಿದಾದ ದಂಡೆಯಲ್ಲಿ ಹೆದ್ದಾರಿ ಕೊರೆಯುವುದನ್ನು ಬಿಟ್ಟು ರಸ್ತೆ ಕಟ್ಟುವವರು ಒಳನಾಡಿಗೆ ತಿರುಗಿಕೊಂಡರು. ಹಾಗೆ ತಿರುಗಿಕೊಳ್ಳುವಾಗ ದಾಟಬೇಕಾದ ಗುಡ್ಡವೇ ಲೆಗೆಟ್ ಮತ್ತು ಕಡಲಿನ ನಡುವಿನದು.

ಈಗ ಒಂದು ತಿರುವನ್ನು ಹತ್ತಿರದಿಂದ ನೋಡೋಣ. ಯಾವುದೇ ಉದ್ದನೆಯ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಸರಿದು ಅಡ್ಡದಾರಿ ಹಿಡಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದಕ್ಕೆ ಪೈಥಾಗೊರಸ್ ಪ್ರಮೇಯ ಸಾಕು. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, 6.5 ಮೀಟರ್ ಇದೆಯೆನ್ನಿ. ಮುಂದಿನ ಅಚ್ಚು 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಹೋದರೆ ಹಿಂದಿನದು ಸುಮಾರು 13.5 ಮೀಟರ್ ತ್ರಿಜ್ಯದಲ್ಲಿ ಬರುತ್ತದೆ. ಒಂದೂವರೆ ಮೀಟರ್ ಒಳಕ್ಕೆ! ಅದೇ ತಿರುವಿನಲ್ಲಿ ಕಾರು ಸರಿಯುವುದು ಕಾಲು ಮೀಟರಿನಷ್ಟು ಮಾತ್ರ. ವೀಲ್‌ಬೇಸಿನ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಸರಿಸುಮಾರು ಉತ್ತರ ಸಿಗುತ್ತದೆ. ವರ್ಗ ಎಂಬುದನ್ನು ಗಮನಿಸಿ: ಗಾಡಿಯ ಉದ್ದ ಎರಡರಷ್ಟಾದರೆ ತೊಂದರೆ ನಾಲ್ಕರಷ್ಟು.

ಬೆಟ್ಟದ ರಸ್ತೆಯ ಒಂದು ಲೇನಿನ ಅಗಲ 11 ಅಡಿ, ಅಂದರೆ 3.3 ಮೀಟರ್ ಎಂದಿಟ್ಟುಕೊಳ್ಳಿ. ಗಾಡಿಯ 2.6 ಮೀಟರ್ ಕಳೆದರೆ ಉಳಿಯುವುದು 70 ಸೆಂಟಿಮೀಟರ್, ಅದರಲ್ಲೂ ಎರಡು ಬದಿಯ ಕನ್ನಡಿಗಳು ಚಾಚಿಕೊಂಡಿರುತ್ತವೆ. ಹಿಂದಿನ ಚಕ್ರದ ಸರಿತ ಈ 70 ಸೆಂಟಿಮೀಟರಿನೊಳಗೆ ಇರಬೇಕಾದರೆ ತಿರುವಿನ ತ್ರಿಜ್ಯ 30 ಮೀಟರಿಗಿಂತ ಕಡಿಮೆ ಇರಕೂಡದು. ಕಡಿಮೆ ಇದ್ದರೆ ಎರಡರಲ್ಲಿ ಒಂದು ಖಂಡಿತ: ಮುಂಭಾಗ ಎದುರು ಲೇನಿಗೆ ನುಗ್ಗಬೇಕು, ಇಲ್ಲವೇ ಹಿಂದಿನ ಚಕ್ರ ಡಾಂಬರು ಬಿಟ್ಟು ಮಣ್ಣಿಗಿಳಿಯಬೇಕು. ಮಣ್ಣಿರುವಲ್ಲಿ ಸರಿ. ಬಂಡೆಯೋ ಕಾವಲು ಕಂಬಿಯೋ ಇದ್ದರೆ ಗಾಡಿಯ ಪಕ್ಕೆ ಹರಿಯುತ್ತದೆ.

ನೂರಾರು ತಿರುವುಗಳ ತ್ರಿಜ್ಯವನ್ನು ಯಾರು ಅಳೆಯುತ್ತಾರೆ ಎಂದು ಕೇಳಬಹುದು. ಹೆದ್ದಾರಿ ಇಲಾಖೆ ಒಂದರ್ಥದಲ್ಲಿ ಆಗಲೇ ಅಳೆದು ಬರೆದಿಟ್ಟಿದೆ. ತಿರುವಿಗೆ ಮೊದಲು ನಿಲ್ಲಿಸಿದ ಹಳದಿ ಫಲಕದಲ್ಲಿ ಇಷ್ಟು ಮೈಲಿ ವೇಗ ಸಾಕು ಎಂಬ ಸಲಹೆ ಇರುತ್ತದಲ್ಲ, ಆ ಅಂಕಿ ಬಹುಮಟ್ಟಿಗೆ ತಿರುವಿನ ತ್ರಿಜ್ಯದಿಂದ ಹುಟ್ಟಿದ್ದು. ಒಳಗೆ ಕೂತವರು ಪಕ್ಕಕ್ಕೆ ವಾಲದಂತೆ ಹೋಗಬೇಕಾದರೆ ವೇಗದ ವರ್ಗಕ್ಕೂ ತ್ರಿಜ್ಯಕ್ಕೂ ಇರುವ ಅನುಪಾತ ಒಂದು ಮಿತಿ ದಾಟಬಾರದು. ಆ ಮಿತಿಯನ್ನು ಹಾಕಿ ಹಿಂದಕ್ಕೆ ಲೆಕ್ಕ ಮಾಡಿದರೆ ಗಂಟೆಗೆ 15 ಮೈಲಿಯ ಫಲಕ ಎಂದರೆ ಸುಮಾರು 15 ಮೀಟರ್ ತ್ರಿಜ್ಯ, 20 ಎಂದರೆ ಸುಮಾರು 27, 25 ಎಂದರೆ 40ಕ್ಕಿಂತ ತುಸು ಹೆಚ್ಚು. ಇದು ಸ್ಥೂಲ ಲೆಕ್ಕ. ಮುಂದೇನಿದೆ ಕಾಣುವುದಿಲ್ಲವೆಂದೂ ಕೆಲವು ಕಡೆ ವೇಗ ಇಳಿಸಿರುತ್ತಾರೆ. ಆದರೂ ಉಪಯೋಗದ ಲೆಕ್ಕವೇ. 20 ಅಥವಾ ಅದಕ್ಕೂ ಕೆಳಗಿನ ಅಂಕಿಯಿರುವ ಫಲಕ ಕಂಡಲ್ಲೆಲ್ಲ 12 ಮೀಟರಿನ ಗಾಡಿ ತನ್ನ ಲೇನಿನಲ್ಲಿ ಹಿಡಿಸುವುದಿಲ್ಲ ಎಂದೇ ತಿಳಿಯಬೇಕು. ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಮನೆಯಲ್ಲೇ ಕೂತು ಈ ಫಲಕಗಳನ್ನು ಓದಿಕೊಳ್ಳಬಹುದು. ಲಾರಿಗಳಿಗೆಂದು ಹಾಕಿದ ಫಲಕಗಳನ್ನೂ ಓದಬೇಕು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರಿನ ಕೊಂಡಿಯಿಂದ ಹಿಂದಿನ ಅಚ್ಚಿಗೆ ಇಷ್ಟು ಅಡಿಗಿಂತ ಹೆಚ್ಚಿದ್ದರೆ ಈ ದಾರಿ ಬೇಡ ಎಂಬ ಸಲಹೆ ಕಾಣುತ್ತದೆ. ಅದೂ ಹಿಂದಿನ ಚಕ್ರ ಒಳಸರಿಯುವ ಲೆಕ್ಕವೇ, ಬೇರೇನಲ್ಲ.

ಗಾಡಿಯ ಬಾಲದ್ದು ಇದಕ್ಕೆ ತದ್ವಿರುದ್ಧ ತರಲೆ. ಹಿಂದಿನ ಅಚ್ಚಿನ ಆಚೆ ಮೂರೂವರೆ ಮೀಟರ್ ಚಾಚಿಕೊಂಡ ಭಾಗ ತಿರುವಿನ ಹೊರಮಗ್ಗುಲಿಗೆ ಬೀಸುತ್ತದೆ, ನಾವು ತೆಗೆದುಕೊಂಡ ತಿರುವಿನಲ್ಲಿ ಸುಮಾರು 40 ಸೆಂಟಿಮೀಟರ್. ಪೆಟ್ರೋಲ್ ಬಂಕಿನಲ್ಲಿ ಕಂಬಕ್ಕೆ ತಾಗಿಸಿಕೊಳ್ಳುವುದು ಬಹಳ ಸಲ ಈ ಬಾಲವನ್ನೇ. ಇನ್ನು ನಾಲ್ಕೂ ಚಕ್ರ ನೆಲದ ಮೇಲಿಟ್ಟು ಹಿಂದೆ ಕಟ್ಟಿಕೊಂಡ ಕಾರಿದ್ದರೆ ರಿವರ್ಸ್ ಎಂಬ ಗೇರ್ ಇಲ್ಲವೆಂದೇ ಲೆಕ್ಕ. ಹಿಂದಕ್ಕೆ ತಳ್ಳಿದರೆ ಕಾರಿನ ಮುಂದಿನ ಚಕ್ರಗಳು ಅಡ್ಡ ತಿರುಗಿ ಕೊಂಡಿ ಮುರಿಯುತ್ತದೆ. ತಪ್ಪು ರಸ್ತೆಗೆ ನುಗ್ಗಿದವರು ನಡುರಸ್ತೆಯಲ್ಲೇ ಇಳಿದು, ಕಾರು ಬಿಚ್ಚಿ, ಒಬ್ಬರು ಕಾರನ್ನೂ ಇನ್ನೊಬ್ಬರು ಮನೆಯನ್ನೂ ಹಿಂದಕ್ಕೆ ತರಬೇಕು. ಹಾಗಾಗಿ ಮುಂದೆ ತಿರುಗಿಸಿಕೊಳ್ಳಲು ಜಾಗವಿದೆಯೆಂದು ಖಚಿತವಿಲ್ಲದ ರಸ್ತೆಗೆ ಹೋಗಲೇಬಾರದು.

ಇಳಿಜಾರಿನ ಲೆಕ್ಕ ಇನ್ನೂ ಗಂಭೀರ. 14 ಟನ್ನಿನ ಗಾಡಿ 300 ಮೀಟರ್ ಕೆಳಗಿಳಿದರೆ 4.1 ಕೋಟಿ ಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. ಶೇಕಡ 6ರ ಇಳಿಜಾರಿನಲ್ಲಿ ಇದು ಐದು ಕಿಲೋಮೀಟರಿನ ದಾರಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಆರು ನಿಮಿಷ. ಗಾಳಿಯ ತಡೆ ಮತ್ತು ಟೈರಿನ ಘರ್ಷಣೆ ಐದನೇ ಒಂದು ಪಾಲನ್ನು ತಿಂದುಹಾಕುತ್ತವೆ. ಮಿಕ್ಕದ್ದು ಆರು ನಿಮಿಷದುದ್ದಕ್ಕೂ 90 ಕಿಲೋವ್ಯಾಟ್ ಶಾಖ, ಬಚ್ಚಲಿನ 45 ಗೀಸರ್‌ಗಳನ್ನು ಒಟ್ಟಿಗೆ ಹಾಕಿದಷ್ಟು. ಬರೀ ಬ್ರೇಕನ್ನೇ ನಂಬಿದರೆ ಈ ಶಾಖ ಹೋಗುವುದು ಚಕ್ರಗಳೊಳಗಿನ ಎರಕದ ಕಬ್ಬಿಣಕ್ಕೆ. ಕಬ್ಬಿಣವೆಲ್ಲ ಸೇರಿ 200 ಕಿಲೋ ಇದ್ದು ಆರುವುದಕ್ಕೆ ಬಿಡುವೇ ಸಿಗಲಿಲ್ಲವೆಂದರೆ ಅದರ ತಾಪ 350 ಡಿಗ್ರಿಯಷ್ಟು ಏರುತ್ತದೆ. ಅಷ್ಟು ಕಾದಾಗ ಪ್ಯಾಡಿನ ಹಿಡಿತ ಸಡಿಲವಾಗುತ್ತದೆ. ಹೈಡ್ರಾಲಿಕ್ ಬ್ರೇಕಿದ್ದರೆ ಇನ್ನೊಂದು ಅಪಾಯ: ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿಯ ತನಕ ಕುದಿಯದೆ ತಡೆಯಬೇಕೆಂಬ ನಿಯಮವಿದೆ, ಆದರೆ ವರ್ಷಗಟ್ಟಲೆ ಗಾಳಿಯ ತೇವ ಹೀರಿಕೊಂಡ ಆಯಿಲ್‌ಗೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ತಾಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಅದಕ್ಕೇ ಶಾಖವನ್ನು ಇಂಜಿನ್ನಿಗೆ ಕಳಿಸಬೇಕು. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್ ಹಾಕಿದರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುವಂತಾಗಿ, ಶಕ್ತಿ ಹೊಗೆಕೊಳವೆಯಲ್ಲೂ ರೇಡಿಯೇಟರಿನಲ್ಲೂ ಹೊರಹೋಗುತ್ತದೆ. ಪೆಟ್ರೋಲ್ ಇಂಜಿನ್ನು ಈ ಕೆಲಸವನ್ನು ತಕ್ಕಮಟ್ಟಿಗೆ ತಾನೇ ಮಾಡುತ್ತದೆ. ಗಾಳಿಯ ದಾರಿ ಮುಚ್ಚುವ ಥ್ರಾಟಲ್ ಇಲ್ಲದ ಡೀಸೆಲ್‌ಗೆ ಎಕ್ಸಾಸ್ಟ್ ಬ್ರೇಕ್ ಬೇಕು. ಬ್ರೇಕನ್ನು ಸದಾ ಹಗುರವಾಗಿ ತುಳಿದಿರುವುದು ತಪ್ಪು. ಗಂಟೆಗೆ 40 ಮೈಲಿಗೆ ಬಂದಾಗ ಗಟ್ಟಿಯಾಗಿ ತುಳಿದು 35ಕ್ಕೆ ಇಳಿಸಿ, ಪೂರ್ತಿ ಬಿಡಬೇಕು. ಮತ್ತೆ 40 ಆದಾಗ ಮತ್ತೆ ಹಾಗೆ. ಅಮೆರಿಕದಲ್ಲಿ ಭಾರಿ ವಾಹನದ ಲೈಸೆನ್ಸಿಗೆ ಓದಿಸುವ ಪಾಠವಿದು. ಮೋಟರ್‌ಹೋಮ್ ಕೊಳ್ಳುವ ನಿವೃತ್ತರಲ್ಲಿ ಬಹಳ ಮಂದಿ ಆ ಪರೀಕ್ಷೆಗೇ ಕೂರಬೇಕಾಗುವುದಿಲ್ಲ ಎಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 40 ಅಡಿ ಮೀರಿದ ಮೋಟರ್‌ಹೋಮಿಗೆ ಬೇರೆ ದರ್ಜೆಯ ಲೈಸೆನ್ಸ್ ಬೇಕು, ಅದಕ್ಕಿಂತ ಒಂದು ಗೇಣು ಕಡಿಮೆಯಿದ್ದರೆ ಕಾರಿನ ಲೈಸೆನ್ಸೇ ನಡೆಯಬಹುದು.

ಹಾಗಾದರೆ ಒಳ್ಳೆಯ ದಾರಿಯನ್ನು ಹುಡುಕುವುದು ಹೇಗೆ? ನನ್ನ ಮೊದಲ ನಿಯಮ, ನದಿಯನ್ನು ಹುಡುಕಿ. ಬೆಟ್ಟಸಾಲು ಮೇಲೇಳುತ್ತಿದ್ದಂತೆಯೇ ಅದನ್ನು ಕೊರೆಯುತ್ತ ಸಮುದ್ರ ಸೇರಿದ ನದಿಗಳಿವೆ. ಒರೆಗಾನ್‌ನ ಅಂಪ್ಕ್ವಾ ಅಂಥದ್ದು. ಒಳನಾಡಿನ ಡ್ರೇನ್ ಊರಿನಿಂದ ಕಡಲಂಚಿನ ರೀಡ್ಸ್‌ಪೋರ್ಟ್‌ಗೆ ಹೋಗುವ ಹೆದ್ದಾರಿ 38 ಬಹುಪಾಲು ಈ ನದಿಯ ಪಕ್ಕದಲ್ಲೇ ಇದೆ. ನದಿ ತಗ್ಗುವಷ್ಟೇ ರಸ್ತೆಯೂ ತಗ್ಗುವುದರಿಂದ ಬ್ರೇಕಿಗೆ ಕೆಲಸವೇ ಕಡಿಮೆ. ನಮ್ಮಲ್ಲಿಯೂ ಹಾಗೇ: ಕೆಂಪುಹೊಳೆಯ ಕಣಿವೆ ಹಿಡಿದ ಶಿರಾಡಿಯಲ್ಲಿ ಟ್ಯಾಂಕರುಗಳು ಓಡುತ್ತವೆ, ಅಂಚನ್ನು ನೇರವಾಗಿ ಇಳಿಯುವ ಆಗುಂಬೆಯಲ್ಲಿ ಭಾರಿ ವಾಹನಕ್ಕೆ ಪ್ರವೇಶವಿಲ್ಲ. ಹೆದ್ದಾರಿ 38ರಲ್ಲಿ ಗಮನಿಸಬೇಕಾದ್ದು 1930ರ ದಶಕದ ಎಲ್ಕ್ ಕ್ರೀಕ್ ಸುರಂಗ. ಇಂಥ ಹಳೆಯ ಸುರಂಗಗಳ ಛಾವಣಿ ಕಮಾನಾಕಾರ. ನಡುವೆ ಎಷ್ಟೇ ಎತ್ತರವಿರಲಿ, ಅಂಚಿನ ಬಿಳಿ ಗೆರೆಯ ಮೇಲೆ ಅಷ್ಟಿರುವುದಿಲ್ಲ. ಮೋಟರ್‌ಹೋಮಿನ ಅತಿ ಎತ್ತರದ ಭಾಗ ನೆತ್ತಿಯ ಮೇಲಿನ ಏಸಿ, ಆದರೆ ಕಮಾನಿಗೆ ಮೊದಲು ತಾಗುವುದು ಬಲಗಡೆಯ ಮೇಲಂಚು. ಎದುರಿಗೆ ಗಾಡಿ ಬಾರದಿದ್ದರೆ ನಡುಗೆರೆಯ ಕಡೆಗೆ ಸರಿದು ಹೋಗುವುದು ಇದಕ್ಕೇ.

ನದಿಯ ನಿಯಮಕ್ಕೆ ಅಪವಾದವೂ ಅಲ್ಲೇ ಇದೆ. ದಕ್ಷಿಣ ಒರೆಗಾನ್‌ನ ರೋಗ್ ನದಿಯೂ ಬೆಟ್ಟಸಾಲನ್ನು ಸೀಳಿಯೇ ಸಮುದ್ರ ಸೇರುತ್ತದೆ. ಆದರೆ ಅದರ ಕಂದರ ಎಷ್ಟು ಇಕ್ಕಟ್ಟೆಂದರೆ ಒಳಗೆ ರಸ್ತೆಯೇ ಇಲ್ಲ. ಬದಲಿಗೆ ಬೇರ್ ಕ್ಯಾಂಪ್ ಎಂಬ ಅರಣ್ಯ ರಸ್ತೆ ದಕ್ಷಿಣದ ಏಣನ್ನು ಹತ್ತಿ, 1,400 ಮೀಟರಿನಷ್ಟು ಎತ್ತರ ಮುಟ್ಟಿ, ಗೋಲ್ಡ್ ಬೀಚ್ ಕಡೆಗೆ ಇಳಿಯುತ್ತದೆ. ನಕ್ಷೆಯಲ್ಲಿ ನೋಡಿದರೆ ಒಳನಾಡಿನಿಂದ ಕಡಲಿಗೆ ಇದೇ ಅತಿ ಹತ್ತಿರ. ಚಳಿಗಾಲದಲ್ಲಿ ಅಲ್ಲಿ ಹಿಮ ತೆಗೆಯುವವರಿಲ್ಲ. 2006ರ ಮಾರ್ಚ್‌ನಲ್ಲಿ ಮೋಟರ್‌ಹೋಮಿನಲ್ಲಿ ಹೊರಟ ಆರು ಜನರ ಕುಟುಂಬವೊಂದು ಈ ಬೆಟ್ಟಗಳ ಹಿಮದಲ್ಲಿ ಎರಡು ವಾರಕ್ಕೂ ಮೇಲ್ಪಟ್ಟು ಸಿಕ್ಕಿಕೊಂಡಿತ್ತು. ಗಾಡಿಯಲ್ಲಿ ಆಹಾರವೂ ಹಾಸಿಗೆಯೂ ಇದ್ದದ್ದರಿಂದ ಎಲ್ಲರೂ ಬದುಕಿದರು. ಅದೇ ವರ್ಷದ ಕೊನೆಯಲ್ಲಿ ಕಾರಿನಲ್ಲಿ ಬಂದ ಸ್ಯಾನ್ ಫ್ರಾನ್ಸಿಸ್ಕೋದ ಕುಟುಂಬದ್ದು ಬೇರೆ ಕಥೆ: ಹೆದ್ದಾರಿ 42ಕ್ಕೆ ತಿರುಗುವ ಜಾಗ ತಪ್ಪಿಹೋಗಿ ಈ ರಸ್ತೆ ಹಿಡಿದರು, ತಾಯಿ ಮಕ್ಕಳು ಉಳಿದರು, ಸಹಾಯ ತರಲು ನಡೆದುಹೋದ ತಂದೆ ಚಳಿಯಲ್ಲಿ ತೀರಿಕೊಂಡರು. ತಪ್ಪಿಹೋದ ಆ 42 ಕೊಕ್ವಿಲ್ ನದಿಯ ದಾರಿ. ಲಾರಿಗಳು ದಿನವೂ ಓಡುವಂಥದ್ದು.

ಎರಡನೆಯ ನಿಯಮ ಕಾನೂನಿನದು. ಕ್ಯಾಲಿಫೋರ್ನಿಯಾದಲ್ಲಿ 40ರಿಂದ 45 ಅಡಿ ಉದ್ದದ ಮೋಟರ್‌ಹೋಮುಗಳು ಗೊತ್ತುಪಡಿಸಿದ ರಸ್ತೆಗಳಲ್ಲಿ ಮಾತ್ರ ಓಡಬಹುದು. ಅವುಗಳಿಗೆಂದೇ ರಾಜ್ಯದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್ ಬಣ್ಣ ಹಚ್ಚಿದ ನಕ್ಷೆ ಹೊರಡಿಸಿದೆ. ನಿಮ್ಮದು 30 ಅಡಿಯದ್ದೇ ಆಗಿದ್ದರೂ ಆ ನಕ್ಷೆ ನೋಡಿಕೊಳ್ಳಿ. ದೊಡ್ಡದಕ್ಕೆ ಅನುಮತಿಯಿರುವ ದಾರಿ ಚಿಕ್ಕದಕ್ಕೆ ಸುಲಭ. ಹಾಗೆಂದು ಮುಖ್ಯ ಹೆದ್ದಾರಿಯೆಲ್ಲ ಅಗಲ ಎಂದು ನಂಬಬೇಡಿ. ಲೆಗೆಟ್‌ನಿಂದ ತುಸು ಉತ್ತರಕ್ಕೆ ರಿಚರ್ಡ್‌ಸನ್ ಗ್ರೋವ್‌ನಲ್ಲಿ ಸಾಕ್ಷಾತ್ 101ನೇ ಹೆದ್ದಾರಿಯೇ ರೆಡ್‌ವುಡ್ ಮರಗಳ ನಡುವೆ ನುಸುಳುತ್ತದೆ. ಅಲ್ಲಿ ಡಾಂಬರಿನ ಅಂಚಿಗೆ ಒತ್ತಿಕೊಂಡೇ ಕಾಂಡಗಳಿವೆ, ರಸ್ತೆ ಬದಿಯೆಂಬುದೇ ಇಲ್ಲ. ಅದನ್ನು ತಿದ್ದಿ ಉದ್ದನೆಯ ಲಾರಿಗಳಿಗೆ ದಾರಿ ಮಾಡುವ ಯೋಜನೆ ಮರಗಳ ಬೇರಿನ ಮೇಲಿನ ವ್ಯಾಜ್ಯದಿಂದಾಗಿ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಸಿಕ್ಕಿಕೊಂಡಿತ್ತು. ಮರಗಳ ಪರವೇ ನನ್ನ ಮತ. ಕನ್ನಡಿ ಮಡಚಿಕೊಂಡು ನಿಧಾನವಾಗಿ ಹೋದರಾಯಿತು.

ಹೆದ್ದಾರಿ 1ರ ಬಿಗ್ ಸರ್ ಭಾಗದ ಬಗ್ಗೆ ಎಲ್ಲರೂ ಕೇಳುತ್ತಾರೆ. 1937ರಲ್ಲಿ ತೆರೆದ ಈ ರಸ್ತೆಯನ್ನು ಕಟ್ಟಲು ಕೈದಿಗಳನ್ನೂ ದುಡಿಸಿಕೊಂಡಿದ್ದರು. ಆ ಕಾಲದ ಕಾರಿಗೆ ಹೊಂದಿದ ತಿರುವುಗಳೇ ಬಹುಪಾಲು ಇಂದಿಗೂ ಉಳಿದಿವೆ. ಅಮೆರಿಕದಲ್ಲಿ ಬಲಗಡೆ ಓಡಿಸುವುದರಿಂದ ದಕ್ಷಿಣಕ್ಕೆ ಹೊರಟವರು ಸಮುದ್ರದ ಅಂಚಿನಲ್ಲೂ ಉತ್ತರಕ್ಕೆ ಹೊರಟವರು ಗುಡ್ಡದ ಕಡೆಯಲ್ಲೂ ಇರುತ್ತಾರೆ. ದೊಡ್ಡ ಗಾಡಿ ತಂದೇ ತರುತ್ತೇನೆ ಎನ್ನುವವರಿಗೆ ಉತ್ತರದಿಕ್ಕು ಮೇಲು, ಆದರೆ ರಸ್ತೆಯ ಮೇಲೆ ಬಾಗಿದ ಬಂಡೆಗಳ ಕಡೆ ಕಣ್ಣಿರಬೇಕು. ಇದಕ್ಕಿಂತ ಮೊದಲು ರಸ್ತೆ ಇದೆಯೇ ಎಂದು ನೋಡಿಕೊಳ್ಳಬೇಕು. ಹಿಂದೆ ಹೇಳಿದ ಕಲಸುಮೇಲೋಗರದ ಶಿಲೆ ಮಳೆನೀರು ಕುಡಿದರೆ ಜಾರುತ್ತದೆ. 2017ರ ಮೇ 20ರಂದು ಮಡ್ ಕ್ರೀಕ್ ಬಳಿ ಗುಡ್ಡವೇ ಸಮುದ್ರಕ್ಕೆ ಕುಸಿದು, ರಸ್ತೆ ಮತ್ತೆ ತೆರೆದದ್ದು 2018ರ ಜುಲೈಯಲ್ಲಿ. ಕುಸಿತ ಆಗುವಾಗ ಮಳೆಗಾಲ ಮುಗಿದಿತ್ತು ಎಂಬುದು ಗಮನಿಸಬೇಕಾದ್ದು. ಒಳಕ್ಕೆ ಇಳಿದ ನೀರು ಕೆಲಸ ಮಾಡಲು ವಾರಗಳನ್ನು ತೆಗೆದುಕೊಳ್ಳುತ್ತದೆ. ಉತ್ತರದಲ್ಲಿ ಕ್ರೆಸೆಂಟ್ ಸಿಟಿಯ ದಕ್ಷಿಣಕ್ಕಿರುವ ಲಾಸ್ಟ್ ಚಾನ್ಸ್ ಗ್ರೇಡ್‌ನಲ್ಲಂತೂ 101ನೇ ಹೆದ್ದಾರಿ ದಶಕಗಳಿಂದ ಕಡಲಿನತ್ತ ಜರುಗುತ್ತಲೇ ಇದೆ. ರಿಪೇರಿ ಮಾಡಿ ಸಾಕಾಗಿ, ಗುಡ್ಡದೊಳಗೆ ಸುಮಾರು 1.8 ಕಿಲೋಮೀಟರ್ ಸುರಂಗ ಕೊರೆಯುವ ಯೋಜನೆಯನ್ನು 2024ರಲ್ಲಿ ಆರಿಸಿಕೊಂಡರು. ಹೊರಡುವ ದಿನದ ಬೆಳಿಗ್ಗೆ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್, ಒರೆಗಾನ್‌ನಲ್ಲಾದರೆ ಟ್ರಿಪ್‌ಚೆಕ್ ತೆರೆದು ನೋಡುವುದು ಡೀಸೆಲ್ ಇದೆಯೇ ಎಂದು ನೋಡಿಕೊಂಡಷ್ಟೇ ಸಹಜವಾಗಬೇಕು.

ಗಾಳಿಯ ಮಾತು ಚಿಕ್ಕದು. 12 ಮೀಟರಿನ ಗಾಡಿಯ ಪಕ್ಕೆ ಸುಮಾರು 40 ಚದರ ಮೀಟರ್. ಗಂಟೆಗೆ 90 ಕಿಲೋಮೀಟರಿನ ಗಾಳಿ ಅಡ್ಡ ಬೀಸಿದರೆ ಒಂದೂವರೆ ಟನ್ನಿನ ನೂಕು. ಒರೆಗಾನ್ ಕರಾವಳಿಯ ಎತ್ತರದ ಸೇತುವೆಗಳ ಮೇಲೆ ಚಳಿಗಾಲದ ಬಿರುಗಾಳಿ ಇದ್ದರೆ ಹೋಗಬೇಡಿ, ಅಷ್ಟೇ. ಗಾಳಿಯ ವೇಗ ಅರ್ಧವಾದರೆ ನೂಕು ಕಾಲುಭಾಗ, ಕಾದರೆ ನಷ್ಟವಿಲ್ಲ.

ಹಿಂದೆ ಸಾಲುಗಟ್ಟಿದವರ ಕಡೆಗೂ ಗಮನವಿರಲಿ. ಎರಡು ಲೇನಿನ ರಸ್ತೆಯಲ್ಲಿ, ಮುಂದೆ ಹೋಗಲು ದಾರಿಯಿಲ್ಲದೆ ಐದು ಅಥವಾ ಹೆಚ್ಚು ಗಾಡಿಗಳು ಹಿಂದೆ ಸಾಲಾಗಿದ್ದರೆ ನಿಧಾನದ ಗಾಡಿ ಮುಂದಿನ ಟರ್ನ್‌ಔಟ್‌ನಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನಿದೆ. ಇದನ್ನು ಸೌಜನ್ಯವೆಂದು ತಿಳಿದವರೇ ಹೆಚ್ಚು, ಆದರೆ ಸುರಕ್ಷತೆಗೂ ಇದು ಬೇಕು. ಬೆನ್ನಿಗೆ ಅಂಟಿಕೊಂಡ ಕಾರುಗಳ ಮುಲಾಜಿಗೆ ವೇಗ ಹೆಚ್ಚಿಸುವ ಚಾಲಕನಿಗೆ ಮೇಲಿನ ಲೆಕ್ಕಗಳೆಲ್ಲ ಮರೆತುಹೋಗುತ್ತವೆ.

ಕೊನೆಯ ಎರಡು ಮೈಲಿಯ ಮೇಲೆ ನನಗೆ ಹೆಚ್ಚು ಅನುಮಾನ. 300 ಮೈಲಿ ಹೆದ್ದಾರಿಯನ್ನು ಅಳೆದು ತೂಗಿ ಆರಿಸಿದವರೂ ಬಿಡಾರದ ಒಳರಸ್ತೆಯನ್ನು ನೋಡಿರುವುದಿಲ್ಲ. ರೆಡ್‌ವುಡ್ ಕಾಡಿನ ಎಲ್ಕ್ ಪ್ರೇರಿ ಬಿಡಾರದಲ್ಲಿ ಮೋಟರ್‌ಹೋಮಿಗೆ 27 ಅಡಿಯ ಮಿತಿ. ಅಲ್ಲಿಗೆ ಸಮೀಪದ ಫರ್ನ್ ಕ್ಯಾನ್ಯನ್‌ಗೆ ಹೋಗುವ ಡೇವಿಸನ್ ರಸ್ತೆ ಡಾಂಬರಿಲ್ಲದ ಇಕ್ಕಟ್ಟಿನ ದಾರಿ: 24 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ಗಾಡಿಗೆ ಪ್ರವೇಶವಿಲ್ಲ, ಟ್ರೇಲರ್ ತರುವಂತೆಯೇ ಇಲ್ಲ. 40 ಅಡಿಯ ಮನೆಯನ್ನು ಕ್ರೆಸೆಂಟ್ ಸಿಟಿಯ ಕಡೆ ಯಾವುದಾದರೂ ಖಾಸಗಿ ಬಿಡಾರದಲ್ಲಿ ನಿಲ್ಲಿಸಿ, ಕರೆಂಟು ನೀರಿನ ಪೈಪು ಜೋಡಿಸಿ, ಹಿಂದೆ ಕಟ್ಟಿ ತಂದ ಕಾರನ್ನು ಬಿಚ್ಚಿಕೊಂಡು ಅಲ್ಲಿಗೆ ಹೋಗಬೇಕು. ಅಷ್ಟು ದೂರ ಅದನ್ನು ಎಳೆದು ತಂದದ್ದೂ ಅದಕ್ಕೇ.